ನೀರಂಚಿಗೆ ನೆಟ್ಟ ಕೋಲು

ಓಡಿದೆ ಎಂದೇ ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಹೆಂಡತಿಗೆ ಹೇಳಿದ್ದೇನೆ, ಶಾಲೆಯ ಗೆಳೆಯರಿಗೆ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವನಿಗೂ ಒಮ್ಮೆ ಹೇಳಿದ್ದೇನೆ: ಆ ಬೆಳಗ್ಗೆ ಸಮುದ್ರದ ದಂಡೆಯ ಉದ್ದಕ್ಕೂ ಅವ್ವನ ಹೆಸರು ಕೂಗುತ್ತ ಓಡಿದೆ. ಈಗ ಬರೆಯಲು ಕೂತರೆ ಮೊದಲ ಸಾಲಿನಲ್ಲೇ ಕಾಲು ಸಿಕ್ಕಿಕೊಳ್ಳುತ್ತಿದೆ. ಹೆಸರು ಕೂಗಿದ್ದಂತೂ ಸುಳ್ಳು. ನಮ್ಮ ಕಡೆ ಯಾರೂ ಹೆತ್ತವಳ ಹೆಸರು ಹಿಡಿದು ಕೂಗುವುದಿಲ್ಲ. ಅದು ಯಾವುದೋ ಸಿನಿಮಾದಿಂದ ಬಂದು ಸೇರಿಕೊಂಡದ್ದು. ಹೆಸರು ಸುಳ್ಳಾದರೆ ಓಟ ಎಷ್ಟು ನಿಜ?

ಕಳೆದ ತಿಂಗಳು ಚಿಕ್ಕಪಡಸಲಗಿಗೆ ಹೋಗಿದ್ದೆವು. ಸೋದರಮಾವ ಈರಪ್ಪನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ನಸುಕಿನಲ್ಲಿ ಎಚ್ಚರವಾಗಿ ಒಬ್ಬನೇ ಹೊಳೆಯ ದಂಡೆಗೆ ಇಳಿದೆ. ಕೃಷ್ಣೆ ಕೆಂಪಾಗಿ ತುಂಬಿಕೊಳ್ಳುತ್ತಿದ್ದಳು. ದಂಡೆಯಲ್ಲಿ ಯಾರೂ ಇರಲಿಲ್ಲ. ತೊಯ್ದ ಉಸುಕಿನ ವಾಸನೆ, ಅದರಲ್ಲಿ ತುಸು ಕೊಳೆತ ಹುಲ್ಲಿನದು. ನೀರು ಮುಗಿಯುವ ಕಡೆ ಒಂದು ತೊಗರಿ ಕಟ್ಟಿಗೆ ನೆಟ್ಟಿತ್ತು, ಅದರ ತಲೆಗೆ ಕೆಂಪು ನೂಲು ಸುತ್ತಿತ್ತು. ನೆಟ್ಟವರು ಯಾರೆಂದು ಕೇಳುವ ಕಾರಣವಿರಲಿಲ್ಲ. ಅವ್ವನೂ ನಮ್ಮ ಜೊತೆ ಬಂದಿದ್ದಳು. ಆ ನೂಲು ನೋಡಿದ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಿಂದೆ ಬಂದೆ, ಚಹಾ ಕುಡಿದೆ, ತೊಟ್ಟಿಲಿಗೆ ಹೂ ಕಟ್ಟಿದೆ. ಸಂಜೆಗೆ ಗೊತ್ತಾಯಿತು, ಇದನ್ನು ಬರೆಯದೆ ಬೇರೆ ದಾರಿಯಿಲ್ಲ ಎಂದು.

ಹೊಳೆ ದಂಡೆಯ ಊರುಗಳಲ್ಲಿ ಮಳೆಗಾಲಕ್ಕೆ ಇದೊಂದು ಕೆಲಸ. ಸಂಜೆ ನೀರು ಎಲ್ಲಿ ಮುಗಿಯುತ್ತದೋ ಅಲ್ಲಿ ಒಂದು ಕೋಲು ನೆಡಬೇಕು, ನಸುಕಿನಲ್ಲಿ ಹೋಗಿ ನೋಡಬೇಕು. ಕೋಲಿನ ಸುತ್ತ ಉಸುಕಿದ್ದರೆ ಹೊಳೆ ಇಳಿದಿದೆ. ಬುಡ ನೀರಿನಲ್ಲಿದ್ದರೆ ಏರುತ್ತಿದೆ, ದಂಡೆಯ ಪಂಪುಗಳನ್ನು ಬಿಚ್ಚಿ ಮೇಲಕ್ಕೆ ಸಾಗಿಸಬೇಕು. ಅವ್ವ ಆ ಊರಿನ ಮಗಳು. ಮದುವೆಯಾಗಿ ಬನಹಟ್ಟಿಗೆ ಬರುವ ತನಕ ಕೋಲು ನೋಡುವುದು ಅವಳ ಪಾಳಿ. ನಸುಕಿನಲ್ಲಿ ದಂಡೆಯ ಮೇಲೆ ಒಬ್ಬಳೇ ನಿಂತು ಮನೆಯ ಕಡೆ ಮುಖ ಮಾಡಿ ಕೂಗುತ್ತಿದ್ದಳಂತೆ, "ಏರೈತಿ" ಎಂದು, ಇಲ್ಲವೆ "ಇಳದೈತಿ" ಎಂದು. ಅವಳ ಕೂಗಿನ ಮೇಲೆ ಗಂಡಸರು ಏಳುತ್ತಿದ್ದರು ಅಥವಾ ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಿದ್ದರು. ತನ್ನ ಮಾತಿಗೆ ಮನೆಯವರೆಲ್ಲ ಕಿವಿಗೊಟ್ಟಿದ್ದು ಆ ಒಂದು ಕೆಲಸದಲ್ಲಿ ಮಾತ್ರ ಎಂದು ಅವ್ವ ನಗುತ್ತ ಹೇಳುವುದುಂಟು.

ಬನಹಟ್ಟಿಯ ನಮ್ಮ ಮನೆಯಲ್ಲಿ ಅಪ್ಪನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತು ನೇಯುವ ಹಳೆಯ ಕೈಮಗ್ಗ. ಓಣಿಯೆಲ್ಲ ಪಾವರ್‌ಲೂಮ್ ಆದ ಮೇಲೂ ಅಪ್ಪ ಅದನ್ನು ಬಿಡಲಿಲ್ಲ. ಅವ್ವ ಪಕ್ಕದಲ್ಲಿ ಕೂತು ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಅಪ್ಪ ತೀರಿಕೊಂಡ ವರ್ಷವೇ ಅಣ್ಣ ಗುರುಪಾದ ಮಗ್ಗ ಬಿಚ್ಚಿಸಿ, ಕುಣಿಗೆ ಉಸುಕು ತುಂಬಿಸಿ, ಮೇಲೆ ಫರಸಿ ಕಲ್ಲು ಹಾಸಿ, ಎರಡು ಪಾವರ್‌ಲೂಮ್ ಕೂರಿಸಿದ. ಆಗ ನಾನು ಕರಾವಳಿಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ಮಾಸ್ತರನಾಗಿ ಹೋಗಿ ತಿಂಗಳಾಗಿತ್ತು, ನನ್ನ ಮೊದಲ ನೌಕರಿ. ಅಣ್ಣ ಫೋನಿನಲ್ಲಿ ಕೇಳಿದ. "ಮಾಡು" ಎಂದೆ. ಅವ್ವನನ್ನು ಅವನು ಕೇಳಿದನೋ ಇಲ್ಲವೋ ತಿಳಿಯದು. ನಾನಂತೂ ಕೇಳಲಿಲ್ಲ.

ಅದೇ ಶ್ರಾವಣದಲ್ಲಿ ಅವ್ವ ತವರಿಗೆ ಹೋದಳು. ಮೂರನೆಯ ದಿನ ನಸುಕಿನಲ್ಲಿ ಮಾವ ಪಂಪು ನೋಡಲು ದಂಡೆಗೆ ಹೋದರೆ ಅವ್ವ ಎದೆಮಟ್ಟದ ನೀರಿನಲ್ಲಿ ನಿಂತಿದ್ದಳು. ಸೆಳವು ಜೋರಿತ್ತು. ಮಾವ ಇಳಿದು ರಟ್ಟೆ ಹಿಡಿದು ಎಳೆದು ತಂದ.

"ಏನ ಮಾಡಾಕತ್ತಿದ್ದಿ ಅಕ್ಕಾ?"

"ಕೋಲು ತರಾಕ ಹೋಗಿದ್ದೆ. ಮುಳಗಾಕತ್ತಿತ್ತು."

ಮಾವ ಈ ಮಾತನ್ನು ನಂಬಿದ. ನಂಬಿದ್ದೇನೆಂದು ಎಲ್ಲರಿಗೂ ಹೇಳಿದ. "ನಮ್ಮಕ್ಕ ಹೊಳ್ಯಾಗ ಬೆಳದಾಕಿ. ಮೀನಿಗೆ ಈಜ ಕಲಸ್ತಾಳ." ಅಣ್ಣನ ಹೆಂಡತಿ, ನಮ್ಮ ವೈನಿ, ಒಲೆಯ ಮುಂದಿನಿಂದ ತಲೆಯೆತ್ತದೆ ಅಂದದ್ದು ನನಗೆ ಇನ್ನೂ ಕೇಳಿಸುತ್ತದೆ: "ಈಜ ಬರೋರಿಗೆ ಎದಿಮಟ ನೀರಾಗ ಸುಮ್ಮ ನಿಂದ್ರಾಕ ಏನ ಕೆಲಸರಿ?" ನಾನು ಆ ದಿನ ಅಲ್ಲಿರಲೇ ಇಲ್ಲ. ಆದರೂ ಕೇಳಿಸುತ್ತದೆ, ಒಲೆಯೂ ಕಾಣುತ್ತದೆ. ಇಂಥ ನೆನಪುಗಳನ್ನು ಏನು ಮಾಡಬೇಕು?

ಆಮೇಲೆ ಐದು ತಿಂಗಳು ಮನೆಯಲ್ಲಿ ಅವಳನ್ನು ಪಾಳಿಯ ಮೇಲೆ ಕಾದರು. ಅವಳಿಗೆ ಗೊತ್ತಾಗದ ಹಾಗೆ ಎಂದುಕೊಂಡು ಕಾದರು. ಅವ್ವ ಹಿತ್ತಿಲಿಗೆ ಹೋದರೆ ವೈನಿಗೂ ಹಿತ್ತಿಲಲ್ಲಿ ಕೆಲಸ ಬೀಳುತ್ತಿತ್ತು. ಗುಡಿಗೆ ಹೋದರೆ ಅಣ್ಣನಿಗೆ ಭಕ್ತಿ ಬರುತ್ತಿತ್ತು. ಸಂಕ್ರಾಂತಿಗೆ ನಾನು ಊರಿಗೆ ಹೋದಾಗ ಅಣ್ಣನ ಕಣ್ಣು ಒಳಗೆ ಹೋಗಿದ್ದವು.

"ಬಸೂ, ಶಿವರಾತ್ರಿ ತನಕಾ ನಿನ್ನ ಕಡೆ ಇಟ್ಕೋ. ನಾವು ನಿದ್ದಿ ಮಾಡಿ ಎಷ್ಟ ದಿನಾ ಆತು. ಹೊಳಿ ಅಕಿ ಕಣ್ಣಿಗೆ ಬೀಳದಂಗ ಇದ್ರ ಸಾಕು."

ನಾನು ನೌಕರಿ ಮಾಡುತ್ತಿದ್ದ ಊರನ್ನು ಅಣ್ಣ ನೋಡಿರಲಿಲ್ಲ. ನನ್ನ ಬಾಡಿಗೆ ಕೋಣೆಯಿಂದ ಸಮುದ್ರ ಇನ್ನೂರು ಹೆಜ್ಜೆ. ಅದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ಅವನು ಕಳಿಸುತ್ತಿರಲಿಲ್ಲ. ಕಳಿಸದಿದ್ದರೆ ನಾನು ಒಳ್ಳೆಯ ಮಗ ಆಗುತ್ತಿರಲಿಲ್ಲ. ಲೆಕ್ಕ ಅಷ್ಟು ಸರಳವಿತ್ತು. ಹೊಳೆಯಿಂದ ದೂರ ಇಡಬೇಕಾದವಳನ್ನು ಹುಬ್ಬಳ್ಳಿ ಹಾಯ್ದು, ಘಟ್ಟ ಇಳಿಸಿ, ಇಡೀ ದಿನದ ಬಸ್ಸಿನಲ್ಲಿ ಸಮುದ್ರದ ಮಗ್ಗುಲಿಗೆ ತಂದು ಇಳಿಸಿದೆ.

ಮೊದಲ ಸಂಜೆ ಕರೆದೊಯ್ದು ತೋರಿಸಿದೆ. ಬಚ್ಚಿಟ್ಟರೆ ತಾನೇ ಹುಡುಕಿಕೊಂಡು ಹೋಗುತ್ತಾಳೆಂಬ ಭಯ. ಅವ್ವ ಸೆರಗು ಬಿಗಿದು ಬಹಳ ಹೊತ್ತು ನೋಡಿದಳು.

"ಆಚಿ ದಂಡಿ ಎಲ್ಲೈತೊ?"

"ಇಲ್ಲಬೇ. ಕಾಣೂದಿಲ್ಲ."

"ಹಂಗಾರ ಇದನ್ನ ಯಾರ ದಾಟತಾರು?"

"ಯಾರೂ ದಾಟಂಗಿಲ್ಲ."

"ಮತ್ತ ಇಷ್ಟ ನೀರು ಯಾಕ ಇಟ್ಟಾನು" ಎಂದು ಯಾರನ್ನೋ ಬಯ್ದವಳಂತೆ ಅಂದು ತಿರುಗಿದಳು. ನನಗೆ ಸಮಾಧಾನವಾಯಿತು. ಸಮುದ್ರ ಅವಳಿಗೆ ಹಿಡಿಸಲಿಲ್ಲ ಎಂದುಕೊಂಡೆ.

ಒಂದು ವಾರ ಅವಳು ಕೋಣೆ ಬಿಟ್ಟು ಹೊರಬರಲಿಲ್ಲ. ಸಮುದ್ರದ ಸಪ್ಪಳ ಮಾತ್ರ ಅವಳನ್ನು ಬಿಡಲಿಲ್ಲ. ಬನಹಟ್ಟಿಯಲ್ಲಿ ಮಗ್ಗದ ಸಪ್ಪಳದಲ್ಲೇ ಮಲಗಿ ಏಳುವವರು ನಾವು. ಕರೆಂಟು ಹೋಗಿ ಓಣಿ ಸುಮ್ಮನಾದರೆ ಕೂಸುಗಳು ಎದ್ದು ಅಳುತ್ತವೆ. "ನಿಮ್ಮ ಕಾರ್ಖಾನಿಗೆ ಸೂಟಿ ಇಲ್ಲೇನ್ರೆವ್ವಾ" ಎಂದು ಅವ್ವ ಮನೆಯೊಡತಿ ದೇವಕ್ಕನನ್ನೇ ಕೇಳಿದಳು. ದೇವಕ್ಕ ಮೀನು ಮಾರುವವಳು, ಬಲೆ ಹೆಣೆಯುವವಳು, ಅವ್ವನಿಗಿಂತ ಹತ್ತು ವರ್ಷ ಚಿಕ್ಕವಳು. ಅವ್ವನ ಮಾತು ಅವಳಿಗೆ ಅರ್ಧ ತಿಳಿಯುತ್ತಿತ್ತು, ಅವಳದು ಅವ್ವನಿಗೆ ಅರ್ಧ. ಇಬ್ಬರೂ ಪೂರ್ತಿ ತಿಳಿದಂತೆ ನಗುತ್ತಿದ್ದರು.

"ಮೀನು ತಿಂತ್ರಾ ಅಮ್ಮಾ?"

"ಇಲ್ರೆವ್ವಾ. ನಿಮ್ಮ ಬಾಗಲದಾಗ ಕುಂತು ಉಸುರಾಡಿದ್ರ ಅರ್ಧಾ ತಿಂದಂಗ ಆಕ್ಕೇತಿ."

ಎರಡನೆಯ ವಾರದಲ್ಲಿ ದೇವಕ್ಕನೇ ಅವಳನ್ನು ದಂಡೆಗೆ ಕರೆದುಕೊಂಡು ಹೋದಳು. ಅಂದು ಸಂಜೆ ಅವ್ವ ಒಂದು ಗಾಳಿಮರದ ಕಡ್ಡಿ ಮುರಿದು, ತನ್ನ ಗಂಟಿನೊಳಗಿದ್ದ ಒಂದು ಕಂಡಿಕೆಯಿಂದ ಕೆಂಪು ನೂಲು ಎಳೆದು ಅದರ ತಲೆಗೆ ಸುತ್ತಿ, ನೀರಿನ ಅಂಚಿಗೆ ನೆಟ್ಟು ಬಂದಳು. ಬೆಳಗ್ಗೆ ಹೋದರೆ ಕೋಲು ಇರಲಿಲ್ಲ. ಯಾರೋ ಕಿತ್ತಿರಬೇಕೆಂದು ಅವಳಿಗೆ ಸಿಟ್ಟು ಬಂತು. ಮರುದಿನದಿಂದ ಕ್ರಮ ಬದಲಾಯಿಸಿದಳು. ನಸುಕಿನಲ್ಲೇ ಹೋಗಿ ನೆಟ್ಟು, ಚಪ್ಪಲಿ ಕೋಲಿನ ಪಕ್ಕ ಬಿಟ್ಟು, ಹೊತ್ತು ಹುಟ್ಟುವ ತನಕ ಅಲ್ಲಿಯೇ ಕೂತು ಕಾಯುವುದು.

ನಾನು ಅವಳ ಹಿಂದೆ ಹೋಗುತ್ತಿದ್ದೆ. ಕವುಚಿ ಹಾಕಿದ ಒಂದು ಹಳೆಯ ದೋಣಿಯಿತ್ತು, ಅದರ ಮರೆಯಲ್ಲಿ ಕೂರುತ್ತಿದ್ದೆ. ಕತ್ತಲೆ ಆಗಷ್ಟೇ ಸಡಿಲವಾಗುವ ಹೊತ್ತು. ಪಡುವಣ ಸಮುದ್ರವಾದ್ದರಿಂದ ಬೆಳಕು ನಮ್ಮ ಬೆನ್ನ ಹಿಂದಿನ ಗುಡ್ಡಗಳಿಂದ ಬರುತ್ತಿತ್ತು. ನೀರು ಕೊನೆಯ ತನಕ ಕಪ್ಪಾಗಿಯೇ ಉಳಿಯುತ್ತಿತ್ತು. ದಂಡೆ ಎರಡೂ ಕಡೆ ಖಾಲಿ. ಉಸುಕಿನ ಮೇಲೆ ಏಡಿಗಳು ತೂತು ತೆಗೆದು ಸುತ್ತ ಗುಳಿಗೆಗಳನ್ನು ಉರುಳಿಸಿಟ್ಟಿರುತ್ತಿದ್ದವು. ಆ ಏಕಾಂತವನ್ನು ಸುಂದರವಾಗಿತ್ತು ಎಂದು ಬರೆಯಬಹುದು, ಅಂಥದನ್ನು ಓದಿದ್ದೇನೆ ಕೂಡ. ನನಗೆ ಅದು ಒಂದೇ ಒಂದು ಬೆನ್ನನ್ನು ಕಣ್ಣು ಮಿಟುಕಿಸದೆ ನೋಡುವ ಕೆಲಸವಾಗಿತ್ತು. ಅವಳಿಗೆ ಅದು ಏಕಾಂತ. ನಾನಿರುವುದು ಅವಳಿಗೆ ಗೊತ್ತಿದ್ದರೆ ಅವಳಿಗೂ ಅಲ್ಲ.

ಅವಳು ನೀರನ್ನು ಮುಟ್ಟುತ್ತಿರಲಿಲ್ಲ. ಗಂಟೆಯೊಳಗೆ ನೀರು ಕೋಲನ್ನು ಬಿಟ್ಟು ಹತ್ತು ಹನ್ನೆರಡು ಹೆಜ್ಜೆ ಹಿಂದೆ ಸರಿದಿರುತ್ತಿತ್ತು. ಆಗ ಅವ್ವ ಎದ್ದು, ಕೋಲು ಕಿತ್ತು, ಚಪ್ಪಲಿ ಮೆಟ್ಟಿ, ಊರಿನ ಕಡೆ ತಿರುಗಿ ಬಾಯೊಳಗೆ ಏನೋ ಅನ್ನುತ್ತಿದ್ದಳು. ಇಳದೈತಿ ಎಂದೇ ಇರಬೇಕು. ಏಳು ದಿನ ಹೀಗೆಯೇ ನಡೆಯಿತು. ಏಳು ದಿನವೂ ನೀರು ಇಳಿಯಿತು.

ದೇವಕ್ಕ ನನ್ನನ್ನು ಹಿಡಿದು ಕೇಳಿದಳು. "ನಿಮ್ಮವ್ವಿ ದಿನಾ ಕೋಲು ನೆಡ್ತ್ರಲ್ಲ ಮಾಸ್ತರ್ರೆ, ಎಂತಕ್ಕೆ? ಅಲ್ಲಿ ಮನೆ ಕಟ್ಟೂಕೆ ಜಾಗ ಅಳೀತ್ರಾ?"

"ನಮ್ಮ ಹೊಳಿ ದಂಡಿ ರೂಢಿ ದೇವಕ್ಕಾ. ಇಲ್ಲಿ ದಿನಾ ನೀರು ಇಳೀಲಿಕತ್ತೇತಿ ಅಂತ ಖುಷಿಯಾಗ್ಯಾಳ."

ದೇವಕ್ಕ ಒಂದು ಕ್ಷಣ ನನ್ನ ಮುಖ ನೋಡಿದಳು. ಮಾಸ್ತರನಿಗೆ ಏನು ಹೇಳುವುದೆಂದು ಸುಮ್ಮನಾದಳೋ ಏನೋ, ಬಲೆಗೆ ತಿರುಗಿದಳು.

ಇಲ್ಲಿ ಒಂದು ನಾಚಿಕೆಯ ಸಂಗತಿ ಬರೆಯಬೇಕು. ಉಬ್ಬರ ಇಳಿತದ ಪಾಠವನ್ನು ಅದೇ ಚಳಿಗಾಲದಲ್ಲಿ ನಾನು ಮಕ್ಕಳಿಗೆ ಮಾಡಿದ್ದೆ. ಬೋರ್ಡಿನ ಮೇಲೆ ಭೂಮಿ ಬರೆದೆ, ಚಂದ್ರನನ್ನು ಬರೆದೆ, ಸಮುದ್ರ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಹೊತ್ತು ದಿನದಿನಕ್ಕೆ ಮುಂದಕ್ಕೆ ಹೋಗುತ್ತದೆ ಎಂದು ಬರೆಸಿದೆ. ಹಿಂದಿನ ಬೆಂಚಿನಲ್ಲಿ ಮೀನುಗಾರರ ಮನೆಯ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಅಷ್ಟೆಲ್ಲ ಬರೆಸಿದ ನಾನೇ ದೋಣಿಯ ಮರೆಯಲ್ಲಿ ಕೂತು ಏಳು ಬೆಳಗು ನೋಡಿ, ಬೆಳಗಿನ ಹೊತ್ತು ಸಮುದ್ರ ಇಳಿಯುತ್ತದೆ ಎಂದು ನಂಬಿದೆ. ನಮ್ಮ ಹೊಳೆ ಏರಬೇಕಾದರೆ ಎಲ್ಲೋ ಮಳೆಯಾಗಬೇಕು, ಮೇಲೆ ನೀರು ಬಿಡಬೇಕು, ಸುದ್ದಿ ಬರಬೇಕು. ಇಳಿಯಲು ಹತ್ತಿದ ನೀರು ಇಳಿಯುತ್ತಲೇ ಇರುತ್ತದೆ. ಪಾಠ ತಲೆಯಲ್ಲಿತ್ತು. ಕಣ್ಣು ಕೃಷ್ಣೆಯ ಕಣ್ಣೇ ಆಗಿತ್ತು.

ಎಂಟನೆಯ ದಿನ ಅವ್ವನಿಗೆ ನೆಗಡಿ, ಜ್ವರ. ಎರಡು ದಿನ ಮಲಗಿದಳು. ನಾನೂ ಎರಡು ದಿನ ನಿದ್ದೆ ಮಾಡಿದೆ. ಹತ್ತನೆಯ ದಿನ ನಸುಕಿನಲ್ಲಿ ಅಗುಳಿ ತೆಗೆದ ಸಪ್ಪಳ ಕೇಳಿಸಿತು. ಇದು ನಿಜ, ಇದನ್ನು ನಾನು ಬೇರೆ ಮಾಡಿ ಹೇಳಿಲ್ಲ, ಯಾಕೆಂದರೆ ಯಾರಿಗೂ ಹೇಳಿಯೇ ಇಲ್ಲ. ಕೇಳಿಸಿತು, ಏಳಲಿಲ್ಲ. ಇನ್ನೈದು ನಿಮಿಷ ಎಂದುಕೊಂಡೆ. ದಿನಾ ನೀರು ಇಳಿಯುತ್ತದಲ್ಲ ಎಂದುಕೊಂಡೆ. ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕಿತ್ತು.

ದಂಡೆಗೆ ಬಂದಾಗ ಯಾರೂ ಇರಲಿಲ್ಲ. ಎಡಕ್ಕೆ ಅಳಿವೆಯ ತನಕ ಯಾರೂ ಇಲ್ಲ, ಬಲಕ್ಕೆ ಬಂಡೆಗಳ ತನಕ ಯಾರೂ ಇಲ್ಲ. ಕೋಲು ಇತ್ತು. ನೀರಿನ ಒಳಗೆ, ನನ್ನಿಂದ ಹತ್ತು ಹದಿನೈದು ಹೆಜ್ಜೆ ಆಚೆ, ಓರೆಯಾಗಿ ನಿಂತಿತ್ತು. ಅಲೆ ಬಂದಾಗ ಮುಳುಗಿ, ಹೋದಾಗ ಕೆಂಪು ನೂಲು ಕಾಣುತ್ತಿತ್ತು. ಒಂದು ಚಪ್ಪಲಿ ನೊರೆಯಲ್ಲಿ ತೇಲುತ್ತಿತ್ತು. ಇನ್ನೊಂದು ಇರಲಿಲ್ಲ.

ಬೆಳಗಿನ ಹೊತ್ತು ನೀರು ಹಿಂದೆ ಸರಿಯುತ್ತದೆ, ಎಂದ ಮೇಲೆ ನೀರಿನೊಳಗೆ ಇರುವ ಕೋಲನ್ನು ಯಾರೋ ನೀರಿನೊಳಗೇ ನಡೆದುಹೋಗಿ ನೆಟ್ಟಿರಬೇಕು. ಚಪ್ಪಲಿ ಅಲ್ಲಿಯ ತನಕ ಕಾಲಿನಲ್ಲೇ ಇದ್ದಿರಬೇಕು. ನನ್ನ ತಲೆ ಇಷ್ಟನ್ನು ಮಗ್ಗದಷ್ಟು ಅಚ್ಚುಕಟ್ಟಾಗಿ ಎಳೆಗೆ ಎಳೆ ಕೂಡಿಸಿತು. ಶ್ರಾವಣದ ಮಾತೂ ಬಂದು ಕೂಡಿತು, ಕೋಲು ತರಾಕ ಹೋಗಿದ್ದೆ.

ಇದರ ನಂತರ ಓಟ ಬರಬೇಕು. ನನ್ನ ಕಥೆಯಲ್ಲಿ ಇಲ್ಲಿಯೇ ಓಟ ಬರುತ್ತದೆ: ಬಂಡೆಗಳ ಕಡೆ ಓಡಿದೆ, ಹಿಂದೆ ಬಂದೆ, ನೀರಿಗೆ ಇಳಿದೆ, ಮೊಣಕಾಲಿಗೆ ಅಲೆ ಬಡಿಯಿತು. ಮೊಣಕಾಲಿಗೆ ಬಡಿದ ಅಲೆಯ ತಂಪು ಈಗಲೂ ಗೊತ್ತಾಗುತ್ತದೆ. ಒಲೆಯ ಮುಂದಿನ ವೈನಿಯೂ ಈಗಲೂ ಕಾಣುತ್ತಾಳಲ್ಲ.

ಒಂದು ಸಂಗತಿ ಮಾತ್ರ ನನ್ನ ನೆನಪಿಗೆ ಸೇರಿದ್ದಲ್ಲ. ಆ ಹೊತ್ತಿನಲ್ಲಿ ನಾನು ಅಣ್ಣನಿಗೆ ಫೋನು ಮಾಡಿದ್ದೆ. ನನಗೆ ಇದು ಮರೆತೇಹೋಗಿತ್ತು. ಎರಡು ವರ್ಷದ ನಂತರ ಅಣ್ಣ ಮಾತಿಗೆ ಮಾತು ಬಂದಾಗ ಹೇಳಿದ.

"ಒಂದಿನಾ ಮುಂಜಾನೆ ಫೋನ್ ಹಚ್ಚಿ ಮಾತಾಡ್ಲೇ ಇಲ್ಲ ನೀ. ಹಲೋ ಹಲೋ ಅಂದೆ. ಒಂದ ಸಮ್ನ ಭರ್ ಅಂತ ಸಪ್ಪಳ. ನಮ್ಮ ಕಾರ್ಖಾನಿದ ಇರ್ಬೇಕಂತ ಹೊರಗ ಬಂದು ನಿಂತೆ. ಆದ್ರೂ ಬರಾಕತ್ತಿತ್ತು."

"ಎಷ್ಟ ಹೊತ್ತು?"

"ಬಾಳ ಹೊತ್ತು. ಕಡೀಕ ನಾನ ಇಟ್ಟೆ."

ಓಡುವವನು ಫೋನು ಹಿಡಿದು ಬಹಳ ಹೊತ್ತು ಸುಮ್ಮನಿರುವುದಿಲ್ಲ.

ದೇವಕ್ಕನ ಮಾತು ಅದಕ್ಕೂ ಮೊದಲಿನದು. ಶಿವರಾತ್ರಿಯ ಮುಂಚೆ ಅವ್ವನನ್ನು ಊರಿಗೆ ಬಿಡಲು ಹೊರಟ ದಿನ, ಅವ್ವ ಬಸ್ ಸ್ಟ್ಯಾಂಡಿನಲ್ಲಿ ಗಂಟಿನ ಪಕ್ಕ ಕೂತಿದ್ದಾಗ, ದೇವಕ್ಕ ನನ್ನನ್ನು ತುಸು ದೂರ ಕರೆದಳು.

"ಅವತ್ತು ಬೆಳಗಾ ನಾ ಬಲೆ ತಕಂಡು ಬಂದಾಗ ನೀವು ನಿಂತ್ಕಂಡೇ ಇದ್ರಿ ಮಾಸ್ತರ್ರೆ. ಕಂಬ ನೆಟ್ಟಾಂಗೆ. ಎರಡು ಸಲ ಕರದೆ, ತಿರುಗಿ ನೋಡ್ಲಿಲ್ಲ."

"ಅವ್ವನ್ನ ಹುಡುಕ್ತಾ ಇದ್ದೆ ದೇವಕ್ಕಾ."

"ಹೌದು" ಎಂದಳು. ಆಮೇಲೆ, "ಭರತ ಬರೂ ಹೊತ್ತು ಅದು, ನೀರು ಏರೂ ಹೊತ್ತು. ನಾ ಮೊದಲೇ ಹೇಳೂದಿತ್ತು. ನೀವು ಕಲ್ತವರು, ನಿಮಗೆಂತ ಹೇಳೂದು ಅಂತ ಬಿಟ್ಟೆ" ಎಂದಳು. ಅವಳ ಮುಖದಲ್ಲಿ ನನಗಿಂತ ಹೆಚ್ಚು ತಪ್ಪಿತ್ತು. ಅದು ನನಗೆ ಅನುಕೂಲವಾಯಿತು.

ಆ ಬೆಳಗ್ಗೆ ಅವ್ವ ಬಂದದ್ದು ಹಿಂದಿನಿಂದ. ಸಮುದ್ರದ ಕಡೆಯಿಂದಲ್ಲ, ಬಂಡೆಯ ಕಡೆಯಿಂದಲ್ಲ, ಊರಿನ ದಾರಿಯಿಂದ. ಬರಿಗಾಲು, ಕೈಯಲ್ಲಿ ಹಾಲಿನ ಪಾಕೀಟು.

"ಏನ ನೋಡಾಕತ್ತೀಯೊ?"

ಚಪ್ಪಲಿಯ ಕಡೆ ಕೈ ತೋರಿಸಿದೆ.

"ಹೂಂ. ಒಂದ ಹೋತು. ಇದು ಹುಚ್ಚ ನೀರೈತಿ, ಇಳದಂಗ ಮಾಡಿ ಏರತೈತಿ."

"ಎಲ್ಲಿ ಹೋಗಿದ್ದೆಬೇ?"

"ಹಾಲು ತಂದೆ. ಕಾಣವಲ್ದೇನು?"

ಹಾಲಿನ ಅಂಗಡಿ ನಮ್ಮ ಕೋಣೆಯಿಂದ ನಾಲ್ಕು ಮನೆ ಆಚೆ. ಹೋಗಿ ಬರಲು ಐದು ನಿಮಿಷ. ಕೋಲು ನೆಟ್ಟ ಜಾಗಕ್ಕೂ ಆಗ ನೀರು ಇದ್ದ ಜಾಗಕ್ಕೂ ನಡುವೆ ಒಂದು ಗಂಟೆಯ ಏರಿಕೆಯಾದರೂ ಇರಬೇಕೆಂದು ಆಮೇಲೆ ಲೆಕ್ಕ ಹಾಕಿದೆ. ಉಳಿದ ಹೊತ್ತು ಅವಳು ಎಲ್ಲಿದ್ದಳೆಂದು ಆಗ ಕೇಳಲಿಲ್ಲ. ಕೇಳಿದ್ದು ಬೇರೆ.

"ಕೋಲು ತರಾಕ ಹೋಗಲಿಲ್ಲೇನು?"

ಅವ್ವ ನನ್ನನ್ನು ನೋಡಿದಳು. ಇಷ್ಟು ವರ್ಷದಲ್ಲಿ ಆ ನೋಟದ ಅರ್ಥವನ್ನು ಬೇಕಾದಷ್ಟು ಸಲ ಬದಲಾಯಿಸಿಕೊಂಡಿದ್ದೇನೆ. ಒಮ್ಮೆ ಅದು ಕನಿಕರ, ಒಮ್ಮೆ ಸಿಟ್ಟು. ಅಂದದ್ದು ಇಷ್ಟೇ: "ಹೋದ್ರ ಹೋಗ್ಲಿ ಅಂತ ಬಿಟ್ಟೆ."

ಕೋಣೆಗೆ ಬಂದು ಚಹಾಕ್ಕಿಟ್ಟಳು. ನಾನು ಗೋಡೆಗೆ ಒರಗಿ ಕೂತೆ. ಬಟ್ಟಲು ಮುಂದಿಡುತ್ತ ಕೇಳಿದಳು.

"ನಿನಗ ಈಜಾಕ ಬರಂಗಿಲ್ಲ, ಅಲ್ಲ?"

"ಇಲ್ಲ."

"ಛಲೋ ಆತು" ಎಂದಳು.

ಚಹಾ ಕುಡಿದವಳೇ ಉಟ್ಟ ಸೀರೆ ಬದಲಿಸಿ, ಒಗೆದು ಹಿಂಡಿ ಹಗ್ಗಕ್ಕೆ ಹಾಕಿದಳು. ಅಪ್ಪ ನೇಯ್ದ ಕಡುನೀಲಿ ಸೀರೆ, ಹೆಚ್ಚುಕಡಿಮೆ ಕಪ್ಪು. ತೊಯ್ದರೂ ಒಣಗಿದರೂ ನಸುಕಿನಲ್ಲಿ ಒಂದೇ ಬಣ್ಣ. ದಂಡೆಯಲ್ಲಿ ನನಗೆ ಕಂಡ ಅವ್ವನ ಸೀರೆ ಒಣಗಿತ್ತು. ದೇವಕ್ಕ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸು ಬಂದ ಮೇಲೆ, ಗಂಟು ಎತ್ತಿ ಕೊಡುತ್ತ ಹೇಳಿದ ಕೊನೆಯ ಮಾತು ಬೇರೆ: "ನಡೂಮಟ ತೊಯ್ದಿತ್ತು ಸೀರೆ. ನೀವು ನೋಡ್ಲಿಲ್ಲ ಕಾಣ್ತದೆ."

ಅದು ನಿಜವಾದರೆ ಅವಳು ಇಳಿದಿದ್ದಳು. ಇಳಿದು, ನಡುಮಟ್ಟ ಹೋಗಿ, ಕೋಲನ್ನು ಬಿಟ್ಟು ಹಿಂದೆ ಬಂದಿದ್ದಳು. ಕೋಲಿಗಾಗಿಯೇ ಇಳಿದಿದ್ದಳೋ? ಹಿಂದೆ ಬಂದು ಎಲ್ಲಿ ನಿಂತಿದ್ದಳು? ದೋಣಿಯ ಮರೆಯೊಂದೇ ಅಲ್ಲಿ ಇದ್ದದ್ದು. ನಾನು ದಿನಾ ಕೂರುತ್ತಿದ್ದ ಜಾಗ. ಆ ಬೆಳಗ್ಗೆ ನಾನು ದೋಣಿಯ ಹಿಂದೆ ನೋಡಲಿಲ್ಲ, ಅದನ್ನು ದಾಟಿ ನೇರವಾಗಿ ನೀರಿನ ಕಡೆ ನಡೆದಿದ್ದೆ. ಅವಳು ಅಲ್ಲಿಂದ ನನ್ನ ಬೆನ್ನನ್ನು ನೋಡುತ್ತಿದ್ದಳೆಂದು ಬರೆದರೆ ಬರಹಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ. ಅಷ್ಟು ಚೆನ್ನಾಗಿ ಒಪ್ಪುವುದರಿಂದಲೇ ನನಗೆ ಅದರ ಮೇಲೆ ಸಂಶಯ.

ಊರಿಗೆ ಮರಳಿದ ಮೇಲೆ ಅವ್ವ ಬದಲಾದಳು ಎಂದು ಎಲ್ಲರೂ ಅಂದರು. ಮಾತು ಬಂತು, ವೈನಿಯ ಜೊತೆ ಜಗಳವೂ ಬಂತು. ಪಾವರ್‌ಲೂಮಿನ ಪಕ್ಕದಲ್ಲೇ ತನ್ನ ಚಾಪೆ ಹಾಸಿಕೊಂಡಳು, ಕೆಳಗೆ ಕುಣಿ ಇದ್ದ ಕಡೆಗೇ. ಕಾಯುವುದನ್ನು ಒಬ್ಬೊಬ್ಬರಾಗಿ ಬಿಟ್ಟರು. ಸಮುದ್ರದ ಗಾಳಿ ಹಿಡಿಸಿತು ನೋಡು ಎಂದು ಅಣ್ಣ ನನ್ನ ಬೆನ್ನು ತಟ್ಟಿದ. ಎರಡು ವರ್ಷದ ನಂತರ ನಾನು ವರ್ಗ ಮಾಡಿಸಿಕೊಂಡು ಜಮಖಂಡಿ ತಾಲ್ಲೂಕಿಗೆ ಬಂದೆ. ದೇವಕ್ಕ ಈಗ ಇದ್ದಾಳೋ ಇಲ್ಲವೋ ಗೊತ್ತಿಲ್ಲ.

ಚಿಕ್ಕಪಡಸಲಗಿಯಲ್ಲಿ ತೊಟ್ಟಿಲ ಮರುದಿನ ನಸುಕಿನಲ್ಲಿ ಮತ್ತೆ ದಂಡೆಗೆ ಇಳಿದೆ. ಈ ಸಲ ಅವ್ವ ಮೊದಲೇ ಅಲ್ಲಿದ್ದಳು. ಮಂಡಿ ನೋವಿನವಳು, ಒಂದು ಕಲ್ಲಿನ ಮೇಲೆ ಕೂತಿದ್ದಳು. ಮೇಲಿನಿಂದ ಎಷ್ಟು ನೀರು ಬಿಟ್ಟರೆಂದು ಈಗ ಮಾವನ ಮಗನ ಫೋನಿಗೆ ಸುದ್ದಿ ಬರುತ್ತದೆ, ಕೋಲು ನೋಡುವ ಕೆಲಸ ಯಾರಿಗೂ ಉಳಿದಿಲ್ಲ. ಅವಳ ಕೋಲಿನ ಬುಡ ನೀರಿನಲ್ಲಿತ್ತು.

"ಏರೈತಿ" ಎಂದಳು, ಕೂಗದೆ, ನನಗಷ್ಟೇ.

"ಹೌದಬೇ."

ಅವಳ ಪಕ್ಕ ಉಸುಕಿನಲ್ಲಿ ಕೂತೆ. ನಮ್ಮಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಆ ಬೆಳಗ್ಗೆ ಸೀರೆ ತೊಯ್ದಿತ್ತೇನಬೇ ಎಂದು ಕೇಳಬಹುದಿತ್ತು. ಶ್ರಾವಣದ್ದನ್ನೂ ಕೇಳಬಹುದಿತ್ತು. ಕೇಳಿದರೆ ಅವಳು ಹೇಳಿಯಾಳು ಎಂದೇ ನನಗೆ ಅನಿಸಿತು, ಅಷ್ಟು ಸಡಿಲವಾಗಿ ಕೂತಿದ್ದಳು.

ಕೇಳಲಿಲ್ಲ. ಕೇಳಿದರೆ ಅವಳೂ ಒಂದು ಕೇಳಬಹುದು: ನೀರಾಗ ನಾನದೀನಿ ಅಂತ ತಿಳದು, ನೀ ಯಾಕ ನಿಂತಿದ್ದಿ? ಈಜು ಬರುತ್ತಿರಲಿಲ್ಲ ಎನ್ನಬಹುದು, ಅದನ್ನು ಅವಳೇ ನನಗೆ ಕೊಟ್ಟಿದ್ದಾಳೆ. ಕಾಲು ಏಳಲಿಲ್ಲ ಎನ್ನಬಹುದು. ಅವಳನ್ನು ಕಾಯುವುದು ಇನ್ನು ಮುಗಿಯಿತು ಎಂದು ಒಂದು ಗಳಿಗೆ ಮೈ ಹಗುರಾಯಿತೋ ಏನೋ. ಎಷ್ಟು ಹೊತ್ತು ನಿಂತಿದ್ದೆ, ಯಾಕೆ ನಿಂತಿದ್ದೆ, ನನಗೆ ಗೊತ್ತಿಲ್ಲ.